ಯಾರನ್ನೂ ಕೇಳದೆ ದಿಲ್ಲಿಗೆ

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ನಾನು ಹದಿನೆಂಟು ವರ್ಷದಿಂದ ಕಾಳು ಆರಿಸಿ ಬಾಕ್ಸು ತುಂಬುತ್ತಿದ್ದೇನೆ. ಹಸಿರು ಬೇರೆ, ಹಳದಿ ಬೇರೆ, ಕಪ್ಪು ಬೇರೆ, ತೊಟ್ಟು ಉಳಿದದ್ದು ಬೇರೆ. ತುಂಬಿದ ಬಾಕ್ಸಿನ ಮೇಲೆ ಕರಿ ಮಾರ್ಕರಿನಿಂದ ಊರ ಹೆಸರು ಬರೆಯುತ್ತಾರೆ. ಮೊದಲ ಕೆಲವು ವರ್ಷ ಅವು ನನಗೆ ಬರೀ ಗೀಟುಗಳು.

ಸಣ್ಣವನಿದ್ದಾಗ ಮಮದಾಪುರದ ಕೆರೆ ದಂಡೆಯಲ್ಲಿ ಕುರಿ ಕಾಯುತ್ತಿದ್ದೆ. ಕುರಿಗಳು ಶಾಲೆಯ ಕಡೆ ಹೋದ ದಿನ ಮಾತ್ರ ನಾನೂ ಶಾಲೆಯ ಕಡೆ ಹೋಗುತ್ತಿದ್ದೆ. ಅಕ್ಷರ ಕಲಿತದ್ದು ಮೂವತ್ತಾರನೇ ವಯಸ್ಸಿನಲ್ಲಿ, ಬಬಲೇಶ್ವರದ ಸಂಜೆ ಕ್ಲಾಸಿನಲ್ಲಿ. ಹತ್ತನೇ ತರಗತಿ ಪಾಸಾದದ್ದು ನಲವತ್ತಾರಕ್ಕೆ, ಅದೂ ಮೂರನೇ ಸಲಕ್ಕೆ. ಹಿಂದಿಯಲ್ಲಿ ನನ್ನನ್ನು ದಾಟಿಸಿದ್ದು ಪುಸ್ತಕವಲ್ಲ, ಬಾಕ್ಸುಗಳು. ಹಿಂದಿ ಅಕ್ಷರದಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಮಾತು ‘ದಿಲ್ಲಿ’. ಓದಿದ ಆ ದಿನ ಬಾಕ್ಸನ್ನು ಕೆಳಗಿಡದೆ ಹಾಗೇ ನಿಂತುಬಿಟ್ಟಿದ್ದೆ. ಇಷ್ಟು ವರ್ಷ ನಾನು ತುಂಬಿದ ಬಾಕ್ಸುಗಳೆಲ್ಲ ದಿಲ್ಲಿ ನೋಡಿಬಂದಿವೆ, ನಾನು ಮಾತ್ರ ಸೊಲ್ಲಾಪುರ ದಾಟಿಲ್ಲ! ಅವತ್ತೇ ತಲೆಯಲ್ಲಿ ಹುಳ ಹೊಕ್ಕಿತು.

ಹೋದ ವರ್ಷ ದ್ರಾಕ್ಷಿ ಹಂಗಾಮು ಮುಗಿದ ಮೇಲೆ ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಹೆಂಡತಿಗೆ ಹೇಳಿದೆ.

“ದಿಲ್ಲಿಗಿ ಹೋಗಿಬರ್ತೀನಿ.”

“ಯಾರ ಜೋಡಿ?”

“ಒಬ್ಬನ.”

ಅವಳು ನಗಲು ಶುರುಮಾಡಿದಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗುವವರೆಗೂ ನಕ್ಕಳು.

“ನೀವು? ವಿಜಾಪುರ ಬಸ್‌ಸ್ಟ್ಯಾಂಡಿನ್ಯಾಗ ಬೋರ್ಡಿನ ಕೆಳಗ ನಿಂತು ‘ಯಣ್ಣಾ, ಈ ಗಾಡಿ ಬಬಲೇಶ್ವರಕ್ಕ ಹೋಗತೈತೇನು’ ಅಂತ ಕೇಳೋ ಮನಷ್ಯಾ? ನೀವು ದಿಲ್ಲಿಗಿ?”

ಆ ಮಾತು ಸುಳ್ಳಲ್ಲ. ಓದಲು ಬಂದ ಮೇಲೂ ನನಗೆ ಕೇಳುವ ಚಟ ಹೋಗಿರಲಿಲ್ಲ. ಬೋರ್ಡು ಓದುತ್ತೇನೆ, ಓದಿದ್ದು ಸರಿಯೋ ತಪ್ಪೋ ಎಂದು ಪಕ್ಕದವರನ್ನು ಕೇಳುತ್ತೇನೆ, ಅವರು ಹೇಳಿದ್ದು ಸರಿಯೋ ಎಂದು ಡ್ರೈವರನನ್ನು ಕೇಳುತ್ತೇನೆ.

“ನೀನೂ ಓದೂದು ಕಲತಿದ್ರ ಇಬ್ಬರೂ ಹೋಗಬಹುದಿತ್ತು,” ಎಂದೆ. ಇದು ನಮ್ಮ ಮನೆಯ ಹಳೆಯ ಜಗಳ. ಅವಳಿಗೆ ಪಾಟಿ, ಬಳಪ ತಂದುಕೊಟ್ಟು ಐದು ವರ್ಷವಾಗಿತ್ತು. ಪಾಟಿಯನ್ನು ಅವಳು ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿದ್ದಳು.

“ಯಾಕ ಕಲೀಲಿ? ಓದದ ನಾನೂ ಮಂದೀನ ಕೇಳತೀನಿ, ಓದಿದ ನೀವೂ ಮಂದೀನ ಕೇಳತೀರಿ. ಹಂಗಿದ್ದ ಮ್ಯಾಲ ನಾ ಯಾಕ ಕಣ್ಣು ಕೆಡಿಸ್ಕೊಳ್ಳಲಿ?”

ಅವಳೇ ಹಿಟ್ಟಿನ ಕೈ ಎತ್ತಿ ಪಂದ್ಯ ಕಟ್ಟಿದಳು.

“ದಿಲ್ಲಿಗಿ ಹೋಗಿ ಬರ್ರಿ. ಹೋಗೂಮುಂದ, ಬರೂಮುಂದ, ಒಂದ ಸಲನೂ ಯಾರನ್ನೂ ‘ಇದ್ಯಾವೂರು’ ಅಂತ ಕೇಳಬಾರದು. ಬಂದ ಮರದಿನಾನ ನಾ ಪಾಟಿ ಹಿಡೀತೀನಿ. ಕೇಳಿದ್ರಿ ಅಂದ್ರ, ಇನ್ನ ಜೀವ ಇರೂತನಕ ನನ್ನ ಮುಂದ ಓದೂ ಮಾತು ತಗೀಬಾರದು.”

“ಆತು.”

“ಫೋನಿಗೂ ಕೇಳಂಗಿಲ್ಲ!”

“ಆತಂದ್ನೆಲ್ಲ.”

ಹಾಗೆ ನನ್ನ ದಿಲ್ಲಿ ಪ್ರವಾಸ ನಿಶ್ಚಯವಾಯಿತು. ವಿಜಯಪುರ ಸ್ಟೇಷನ್ನಿನಲ್ಲಿ ಫಾರ್ಮು ನಾನೇ ತುಂಬಿದೆ. ಒಂದು ಫಾರ್ಮು ಕೆಟ್ಟಿತು, ಎರಡನೆಯದು ಸರಿಹೋಯಿತು. ಸೊಲ್ಲಾಪುರದಿಂದ ದಿಲ್ಲಿಗೆ ಸ್ಲೀಪರ್, ಎಸ್-ಆರು, ಪಕ್ಕದ ಕೆಳಗಿನ ಸೀಟು. ಬರುವ ಊರುಗಳನ್ನೆಲ್ಲ ಓದಿ ಬರೆದುಕೊಳ್ಳಲು ನೂರು ಹಾಳೆಯ ನೋಟುಬುಕ್ಕು ಕೊಂಡೆ. ಹೆಂಡತಿ ನಲವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ದಿಲ್ಲಿಗೆ ಹೋಗಲು ಒಂದೂವರೆ ದಿನ ಸಾಕು ಎಂದರೆ ಕೇಳಲಿಲ್ಲ. “ಗಾಡಿ ಕೆಟ್ರ?” ಎಂದಳು.

ಬೆಳಗಿನ ಗಾಡಿ ವಿಜಯಪುರ ಬಿಟ್ಟಾಗ ನನಗೆ ಆದ ಖುಷಿಯನ್ನು ಹೇಗೆ ಬರೆಯಲಿ? ಮಿಂಚನಾಳ ಬಂತು, ಓದಿದೆ. ನಿಂಬಾಳ ಬಂತು, ಓದಿದೆ. ಇಂಡಿ ರೋಡ, ಲಚ್ಯಾಣ, ತಡವಳ. ಎಲ್ಲವೂ ನಮ್ಮ ಅಕ್ಷರದಲ್ಲೇ, ದೊಡ್ಡ ಹಳದಿ ಹಲಗೆಯ ಮೇಲೆ, ಯಾರೋ ನನಗಾಗಿಯೇ ಬರೆದು ನಿಲ್ಲಿಸಿದ ಹಾಗೆ. ಓದಿದ ಕೂಡಲೇ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ, ಬರೆದು ನಗುತ್ತಿದ್ದೆ. ಎದುರಿಗಿದ್ದವರು ಮೊದಲು ನನ್ನ ಜೊತೆ ನಕ್ಕರು, ಆಮೇಲೆ ಬೇರೆ ಸೀಟು ನೋಡಿಕೊಂಡರು. ಹೊಟಗಿಗೆ ಬರುವಷ್ಟರಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ. ಕಾಲು ಚಾಚಿ ಕೂತು ಸೊಲ್ಲಾಪುರವನ್ನೂ ಓದಿಬಿಟ್ಟೆ.

ತಪ್ಪು ಮಾಡಿದ್ದು ಅಲ್ಲೇ.

ನಮ್ಮ ಬಬಲೇಶ್ವರದ ಕಡೆ ಬಸ್ಸಿಗೆ ಒಂದು ಕಾನೂನಿದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆಯಬೇಕು. ಯಾರ ಟವೆಲ್ ಬಿತ್ತೋ ಸೀಟು ಅವರದು. ಮುದುಕರಿರಲಿ, ಪೈಲವಾನರಿರಲಿ, ಟವೆಲ್ ಇದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ. ಕಾಖಂಡಕಿಯ ಬಸ್ಸಿನಲ್ಲಿ ಒಮ್ಮೆ ನನ್ನ ಟವೆಲ್ ಹತ್ತಿ, ನಾನು ಹತ್ತಲಾಗದೆ, ಟವೆಲ್ ಒಂದೇ ಸೀಟಿನಲ್ಲಿ ಕೂತು ಊರಿಗೆ ಹೋಗಿದೆ.

ಸೊಲ್ಲಾಪುರದಲ್ಲಿ ದಿಲ್ಲಿಯ ಗಾಡಿ ಬರುತ್ತಿದ್ದ ಹಾಗೆ ಪ್ಲಾಟ್‌ಫಾರ್ಮಿನ ಕೊನೆಯಲ್ಲಿದ್ದ ಮಂದಿ ಓಡತೊಡಗಿದರು. ಅವರು ಓಡಿದ್ದು ನೋಡಿ ನಾನೂ ಓಡಿದೆ. ಕಿಸೆಯಲ್ಲಿ ನನ್ನ ಹೆಸರಿಗೇ ಬರೆದ ಸೀಟಿನ ಟಿಕೆಟ್ಟಿದೆ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುದ್ದೆ ಮಾಡಿ ಎದುರಿಗೆ ಬಂದ ಕಿಟಕಿಯ ಸರಳುಗಳ ಸಂದಿನಲ್ಲಿ ಒಳಗೆ ಒಗೆದೇಬಿಟ್ಟೆ. ಒಗೆದ ಮೇಲೆ ಡಬ್ಬಿಯ ಮೇಲಿನ ಬರಹ ಓದಿದೆ. ಅದು ಎಸ್-ಆರು ಅಲ್ಲ, ಗಾಡಿಯ ಕಟ್ಟಕಡೆಯ ಜನರಲ್ ಡಬ್ಬಿ.

“ಯಾರದಪ್ಪಾ ಟವೆಲ್? ಲಗೂನ ಬರ್ರಿ, ಭಾಳ ಹೊತ್ತು ಹಿಡ್ಯಾಕ ಆಗಂಗಿಲ್ಲ!” ಒಳಗಿನಿಂದ ಒಬ್ಬ ಅಜ್ಜಿಯ ಕೂಗು, ಅದೂ ಕನ್ನಡದಲ್ಲಿ!

ಟವೆಲ್ ಇಸಕೊಂಡು ಇಳಿದು ಓಡಿದರಾಯಿತು ಎಂದು ಒಳಗೆ ನುಗ್ಗಿದೆ. ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಿ ಮಂದಿ, ಮೇಲೆ ಸಾಮಾನಿನ ಜಾಗದಲ್ಲಿ ಮಂದಿ, ಕೆಳಗೆ ಕಾಲುಗಳ ನಡುವೆ ಮಂದಿ. ಅಂಥದರಲ್ಲಿ ಕಿಟಕಿಯ ಪಕ್ಕ ಒಬ್ಬರಾಗುವಷ್ಟು ಹಲಗೆ ಖಾಲಿ ಇತ್ತು. ಅದರ ಮೇಲೆ ನನ್ನ ಟವೆಲ್, ಟವೆಲಿನ ಮೇಲೆ ಅಜ್ಜಿಯ ಕೈ. ಎಪ್ಪತ್ತು ದಾಟಿದ ಹೆಣ್ಣುಮಗಳು, ಕಲಬುರಗಿಯ ಕಡೆಯವಳು. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಇಷ್ಟು ಮಂದಿಯ ನಡುವೆ ಒಂದು ಟವೆಲಿಗೆ ಇಷ್ಟು ಮರ್ಯಾದೆ ಕೊಟ್ಟವರಿಗೆ ‘ನನಗೆ ಸೀಟು ಬೇಡ’ ಎನ್ನುವುದು ಹೇಗೆ? ನಾನು ಬಾಯಿ ತೆರೆಯುವ ಮೊದಲೇ ಗಾಡಿ ಹೊರಟಿತು.

“ಕುಂಡ್ರಪ್ಪಾ. ನನ್ನ ಬಾಜೂಕ ಒಬ್ಬ ಮಾಸ್ತರ ಕುಂತಿದ್ದ, ಇಲ್ಲಿ ಇಳದ. ಊರು ಬಂದ್ರ ಅವನ ಓದಿ ಹೇಳತಿದ್ದ. ಓದಾಕ ಬರೋ ಮನಷ್ಯಾನ್ನ ಕಳಸೋ ಯಪ್ಪಾ ಅಂತ ದೇವರಿಗಿ ಕೈ ಮುಗ್ಯಾಕತ್ತಿದ್ದೆ, ನಿನ್ನ ಟವೆಲ್ ಬಂದು ಮುಖದ ಮ್ಯಾಲ ಬಿತ್ತು. ನಿನಗ ಓದಾಕ ಬರತೈತೇನು?”

ನಲವತ್ತೆಂಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಎದೆ ಉಬ್ಬಿ ಅಂಗಿಯ ಗುಂಡಿ ಹರಿಯುತ್ತದೇನೋ ಅನ್ನಿಸಿತು.

“ಬರತೈತ್ರಿ ಆಯಿ. ಕನ್ನಡ, ಹಿಂದಿ ಎರಡೂ ಬರತೈತ್ರಿ.”

“ಹಂಗಾರ ಮನಮಾಡ ಬಂದ ಕೂಡ್ಲೆ ಹೇಳು. ನನ್ನ ಮಗಳು ಅಲ್ಲಿ ಬಾಣಂತಿ ಅದಾಳ. ಅಳಿಯಾ ಸ್ಟೇಷನ್ನಿಗಿ ಬರ್ತಾನ. ಹೆಣ್ಣ ಕೂಸು! ಬಾಣಂತಿಗಿ ತಿನ್ನಾಕ ಅಂಟಿನುಂಡಿ ಒಯ್ಯಾಕತ್ತೀನಿ.”

ಕುರ್ಡುವಾಡಿ ಬಂತು. ಹಲಗೆ ಓದಿ ಜೋರಾಗಿ ಹೇಳಿದೆ. ಎದುರು ಸೀಟಿನಲ್ಲಿ ಭೋಪಾಳಕ್ಕೆ ಹೊರಟ ಗಾರೆ ಕೆಲಸದ ನಾಲ್ಕು ಜನರಿದ್ದರು, ಅವರೂ ತಲೆ ಎತ್ತಿದರು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಭಾಗದವರೆಲ್ಲ ಊರು ಬಂದಾಗ ಕಿಟಕಿಯ ಕಡೆ ನೋಡುವುದನ್ನು ಬಿಟ್ಟು ನನ್ನ ಬಾಯಿಯ ಕಡೆ ನೋಡತೊಡಗಿದರು. ಕೇಳಿಯೇ ಬದುಕಿದವನನ್ನು ಈಗ ಮಂದಿ ಕೇಳುತ್ತಿದ್ದರು! ಅಜ್ಜಿ ನನ್ನನ್ನು ‘ಮಾಸ್ತರ’ ಎಂದು ಕರೆಯಲು ಶುರುಮಾಡಿದಳು. ನಾನು ಬೇಡ ಎನ್ನಲಿಲ್ಲ.

ದೌಂಡದಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಇಳಿದು ನನ್ನ ಎಸ್-ಆರಿಗೆ ಹೋಗಿ ಕಾಲು ಚಾಚಬಹುದಿತ್ತು. ಟಿಕೆಟ್ ತೆಗೆದು ಅಜ್ಜಿಗೆ ವಿಷಯ ಹೇಳಿದೆ. ಅವಳು ನನ್ನನ್ನೂ ಟವೆಲನ್ನೂ ಒಂದೊಂದು ಸಲ ನೋಡಿದಳು.

“ಅಲ್ಲೊಂದು ಸೀಟು ಇಟ್ಕೊಂಡು ಇಲ್ಲೊಂದು ಸೀಟಿಗಿ ಟವೆಲ್ ಒಗದೀಯಾ? ಎಷ್ಟು ಸೀಟ ಬೇಕೋ ನಿನಗ?” ಎಂದು ನಕ್ಕಳು. ಆಮೇಲೆ ದನಿ ಇಳಿಸಿ, “ನೀ ಹೋದ್ರ ನನಗ್ಯಾರು ಓದತಾರಪ್ಪಾ?” ಎಂದಳು.

ಟಿಕೆಟ್ಟನ್ನು ಕಿಸೆಗೆ ಹಾಕಿ ಕೂತುಬಿಟ್ಟೆ. ಆ ಖುಷಿಗೆ ಅಜ್ಜಿ ಡಬ್ಬಿ ತೆರೆದು ಒಂದು ಅಂಟಿನುಂಡಿ ಕೊಟ್ಟಳು. ನಾನು ರೊಟ್ಟಿ ಬಿಚ್ಚಿದೆ. ಗಾರೆ ಕೆಲಸದವರು ನಮ್ಮ ಕಡಕ್ ರೊಟ್ಟಿಯನ್ನು ಹಪ್ಪಳ ಎಂದು ತಿಳಿದು ಮುರಿದು ಮುರಿದು ತಿಂದರು, ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೈ ಚಾಚಿದರು. ಉಂಡಿಯಲ್ಲಿ ಒಂದು ಒಣದ್ರಾಕ್ಷಿ ಹಲ್ಲಿಗೆ ಸಿಕ್ಕಿತು. ತೆಗೆದು ಬೆಳಕಿಗೆ ಹಿಡಿದೆ.

“ಆಯಿ, ಇದು ನಮ್ಮ ಶೆಡ್ಡಿಂದಲ್ಲ ಬಿಡ್ರಿ. ತೊಟ್ಟು ಉಳದೈತಿ.”

“ಬಾಯಾಗಿಂದು ತಗದು ನೋಡ್ತೀಯಲ್ಲೋ, ತಿನ್ನು!”

‘ನಗರ’ ಎಂಬ ಊರು ದಾಟಿತು, ಕೋಪರಗಾಂವ ದಾಟಿತು. ಗಾಡಿ ತಡವಾಗಿದ್ದರಿಂದ ಗಡಿಯಾರ ನೋಡಿ ಪ್ರಯೋಜನವಿರಲಿಲ್ಲ. ಎಲ್ಲವನ್ನೂ ಓದಿ ಬರೆದುಕೊಂಡಿದ್ದೆ. ವಿಜಯಪುರದಲ್ಲಿ ಬರೆದುಕೊಂಡ ವೇಳಾಪಟ್ಟಿ ನೋಡಿ, ಇನ್ನು ನಿಲ್ಲುವುದು ಮನಮಾಡದಲ್ಲೇ ಎಂದು ಎಲ್ಲರಿಗೂ ಸಾರಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಡಬ್ಬಿಯನ್ನು ಎದೆಗೆ ಹಿಡಿದು ಕೂತಳು.

ಅಷ್ಟರಲ್ಲಿ ಗಾಡಿ ನಿಧಾನವಾಗಿ ನಿಂತಿತು.

ಕಿಟಕಿಯಿಂದ ನೋಡಿದೆ. ಪ್ಲಾಟ್‌ಫಾರ್ಮು ಇಲ್ಲ. ಹಳದಿ ಹಲಗೆ ಇಲ್ಲ. ಜಾಲಿ ಕಂಟಿ, ಕಲ್ಲು, ಇನ್ನೊಂದು ಹಳಿ. ನಮ್ಮದು ಕಟ್ಟಕಡೆಯ ಡಬ್ಬಿ. ಸಣ್ಣ ಪ್ಲಾಟ್‌ಫಾರ್ಮಾದರೆ ಡಬ್ಬಿ ಅದರಿಂದ ಹೊರಗೇ ನಿಲ್ಲುತ್ತದೆ, ಬೆಳಿಗ್ಗೆಯಿಂದ ಎರಡು ಕಡೆ ಹಾಗೇ ಆಗಿತ್ತು. ಮುಂದೆ ಗಾಡಿ ತಿರುವಿನಲ್ಲಿತ್ತು, ಎಂಜಿನ್ ಕಾಣುತ್ತಿರಲಿಲ್ಲ. ಇದು ಮನಮಾಡವೋ, ಸಿಗ್ನಲ್ಲೋ?

“ಮಾಸ್ತರ, ಬಂತೇನು?” ಅಜ್ಜಿ ಎದ್ದು ನಿಂತಳು. ಗಾರೆ ಕೆಲಸದವರು ಅವಳ ಗಂಟನ್ನು ಕೈಯಿಂದ ಕೈಗೆ ಬಾಗಿಲಿಗೆ ಸಾಗಿಸಿಯೇಬಿಟ್ಟರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ. ನನಗೆ ಓದಲು ಬರುತ್ತದೆ, ಆದರೆ ಓದಲು ಏನೂ ಇಲ್ಲ! ಹತ್ತು ವರ್ಷ ಕಷ್ಟಪಟ್ಟು ಕಲಿತ ಅಕ್ಷರ ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಹೌದು ಎಂದರೆ ಅಜ್ಜಿ ಕಂಟಿಯಲ್ಲಿ ಇಳಿಯುತ್ತಾಳೆ. ಅಲ್ಲ ಎಂದು, ಇದು ಮನಮಾಡವೇ ಆಗಿದ್ದರೆ, ಅಂಟಿನುಂಡಿ ದಿಲ್ಲಿಗೆ ಹೋಗುತ್ತದೆ.

ಹಳಿಯ ಆಚೆ ಒಬ್ಬ ಮನುಷ್ಯ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸುತ್ತ ಕುರಿಗಳು.

ಹೆಂಡತಿಯ ಹಿಟ್ಟಿನ ಕೈ ಕಣ್ಣಮುಂದೆ ಬಂತು. ಹಿಟ್ಟಿನ ಡಬ್ಬಿಯ ಮೇಲಿನ ಪಾಟಿಯೂ ಬಂತು. ಈಗ ಕೇಳಿದೆನೆಂದರೆ ಅದು ಜೀವನಪೂರ್ತಿ ಮುಚ್ಚಳವಾಗಿಯೇ ಇರುತ್ತದೆ. ಹಿಂದೆ ನೋಡಿದೆ. ಅಜ್ಜಿ ಆಗಲೇ ಬಾಗಿಲ ಹತ್ತಿರ ಹೋಗಿ ಒಂದು ಕಾಲು ಕೆಳಗೆ ಇಳಿಬಿಟ್ಟಿದ್ದಳು.

ಸರಳಿಗೆ ಮುಖ ಒತ್ತಿ ನನಗೆ ಬರುವಷ್ಟು ಮರಾಠಿಯಲ್ಲಿ ಒದರಿದೆ. “ಮಾಮಾ! ಹೇ ಕುಠಲಂ ಗಾಂವ? ಮನಮಾಡ ಕಾ?” ಇದ್ಯಾವೂರು, ಮನಮಾಡವೇ?

ಅವನು ಕೋಲು ಎತ್ತಿ ಮುಂದೆ ತೋರಿಸಿದ. “ಮನಮಾಡ ಪುಢಂ! ಬಸಾ, ಬಸಾ!”

ಮನಮಾಡ ಇನ್ನೂ ಮುಂದೆ, ಕೂತುಕೊಳ್ಳಿ!

“ಆಯಿ, ಇಳೀಬ್ಯಾಡ್ರಿ! ಹಿಡೀರಿ ಅಕಿನ್ನ!” ಎಂದು ಕೂಗಿದೆ. ಬಾಗಿಲಲ್ಲಿದ್ದವರು ಅಜ್ಜಿಯನ್ನೂ ಡಬ್ಬಿಯನ್ನೂ ಒಳಗೆ ಎಳೆದುಕೊಂಡರು. ಗಾಡಿ ಜಗ್ಗಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದೆವು. ನನಗೆ ಸೋತ ದುಃಖ ಬರಬೇಕಿತ್ತು, ಬರಲೇ ಇಲ್ಲ. ಕಿಟಕಿಯಿಂದ ಕುರಿಯವನಿಗೆ ಇನ್ನೊಂದು ಪ್ರಶ್ನೆ ಕೂಗಿದೆ, “ಕಿತೀ ಮೆಂಢ್ಯಾ?” ಎಷ್ಟು ಕುರಿ? ಹೇಗೂ ಕೇಳಿ ಕೆಟ್ಟಿದ್ದೇನೆ, ಇದನ್ನೂ ಕೇಳಿಬಿಡೋಣ ಎಂದು. ಅವನು ಎರಡೂ ಕೈ ಎತ್ತಿ ಏನೋ ಲೆಕ್ಕ ತೋರಿಸಿದ, ಅಷ್ಟರಲ್ಲಿ ದಾಟಿಬಿಟ್ಟೆವು.

ನೋಟುಬುಕ್ಕು ತೆಗೆದು ಕೋಪರಗಾಂವದ ಕೆಳಗೆ ಬರೆದೆ: ಇಲ್ಲಿ ಕೇಳಿದೆ.

ಮನಮಾಡ ಬಂದಾಗ ಅದನ್ನು ಬೇರೆ ಯಾವ ಊರೆಂದೂ ತಿಳಿಯುವಂತಿರಲಿಲ್ಲ. ಉದ್ದದ ಪ್ಲಾಟ್‌ಫಾರ್ಮು, ನಮ್ಮ ಕಿಟಕಿಗೆ ಸರಿಯಾಗಿ ಹಳದಿ ಹಲಗೆ. ನಾನು ಎದ್ದು ನಿಂತು ಒಂದೊಂದೇ ಅಕ್ಷರ ಬಿಡಿಸಿ ಇಡೀ ಡಬ್ಬಿಗೆ ಕೇಳುವ ಹಾಗೆ ಓದಿದೆ. ಅಜ್ಜಿಯ ಅಳಿಯ ಗಾಡಿಯ ಜೊತೆಗೇ ಓಡಿಬಂದ. ಅಜ್ಜಿ ಇಳಿಯುವ ಮೊದಲು ನನ್ನ ಕೆನ್ನೆ ಸವರಿ ಬೆರಳು ಮುರಿದು ದೃಷ್ಟಿ ತೆಗೆದಳು.

“ಮಾಸ್ತರ, ಯಾವ ಸಾಲಿಯಾಗ ಕಲಸ್ತೀಯೋ?”

“ಒಬ್ಬಾಕಿಗಿ ಕಲಸಬೇಕು ಅಂತಿದ್ದೆರಿ ಆಯಿ. ಈಗ ಅದೂ ಇಲ್ಲ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ನಾನೂ ಇಳಿದು ಎಸ್-ಆರರ ಕಡೆ ಓಡಿದೆ. ಟಿಕೆಟ್ ನೋಡುವವರು ನಾನು ಬರಲಿಲ್ಲವೆಂದು ನನ್ನ ಸೀಟನ್ನು ಇನ್ನೊಬ್ಬರಿಗೆ ಕೊಡುವುದರಲ್ಲಿದ್ದರು. ಸೊಲ್ಲಾಪುರದಿಂದ ಎಲ್ಲಿದ್ದೆ ಎಂದು ಹಿಂದಿಯಲ್ಲಿ ಗದರಿಸಿದರು. ಟವೆಲಿನ ಕಥೆಯನ್ನು ನನ್ನ ಹಿಂದಿಯಲ್ಲಿ ಹೇಳಿದೆ. ಅರ್ಧ ಕೇಳುವಷ್ಟರಲ್ಲಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು. ಸೀಟು ನನಗೇ ಸಿಕ್ಕಿತು. ಕೂರುವ ಮೊದಲು ಅದರ ಮೇಲೆ ಟವೆಲ್ ಹಾಸಿದೆ.

ಭುಸಾವಳ ಓದಿದೆ. ಆಮೇಲೆ ನೋಟುಬುಕ್ಕಿನಲ್ಲಿ ‘ನಿದ್ದೆ’ ಎಂದಿದೆ. ಬೆಳಿಗ್ಗೆ ಝಾನ್ಸಿ, ಗ್ವಾಲಿಯರ, ಆಮೇಲೆ ಆಗ್ರಾ, ಮಥುರಾ. ಪಂದ್ಯ ಹೇಗೂ ಹೋಗಿತ್ತು, ಇನ್ನು ಎಷ್ಟು ಬೇಕಾದರೂ ಕೇಳಬಹುದಿತ್ತು. ಆದರೆ ಕೇಳುವ ಮನಸ್ಸೇ ಆಗಲಿಲ್ಲ. ದಿಲ್ಲಿಯಲ್ಲಿ ಒಣಹಣ್ಣಿನ ಪೇಟೆಯನ್ನೂ ಬೋರ್ಡು ಓದುತ್ತಾ ಓದುತ್ತಾ ಹುಡುಕಿದೆ. ಒಂದು ಅಂಗಡಿಯ ಮುಂದೆ ನಮ್ಮ ಶೆಡ್ಡಿನ ಬಾಕ್ಸು! ನಮ್ಮ ಕರಿ ಮಾರ್ಕರಿನ ಅದೇ ‘ದಿಲ್ಲಿ’. ಇದನ್ನು ನಾನೇ ತುಂಬಿದ್ದು ಎಂದರೆ ಅಂಗಡಿಯವನು ನಂಬಲಿಲ್ಲ. ಬಿಚ್ಚಿ ನೋಡು, ನಾನು ತುಂಬಿದ್ದಾದರೆ ಒಳಗಿನ ಕಾಗದಕ್ಕೆ ಮೂಲೆಯಲ್ಲಿ ಎರಡು ಮಡಿಕೆ ಇರುತ್ತದೆ ಎಂದೆ. ಬಿಚ್ಚಿದ, ಇತ್ತು. ಚಹಾ ತರಿಸಿದ. ನಾನು ಬಾಕ್ಸಿನ ಪಕ್ಕದಲ್ಲೇ ಕೂತು ಕುಡಿದೆ, ಇಬ್ಬರೂ ಒಂದೇ ಊರಿನಿಂದ ಬಂದವರ ಹಾಗೆ.

ಊರಿಗೆ ಬಂದ ದಿನ ಹೆಂಡತಿ ನೀರು ಕೊಡುವ ಮೊದಲೇ ಕೇಳಿದಳು.

“ಕೇಳಿದ್ರೋ, ಇಲ್ಲೋ?”

ಅವಳಿಗೆ ಓದಲು ಬರುವುದಿಲ್ಲ. ಇಲ್ಲ ಎಂದಿದ್ದರೆ ಮರುದಿನ ಪಾಟಿ ಹಿಡಿಯುತ್ತಿದ್ದಳು. ಆದರೂ ಕಟ್ಟೆಯ ಮೇಲೆ ಕೂತು ನೋಟುಬುಕ್ಕು ತೆರೆದು ಮಿಂಚನಾಳದಿಂದ ಓದುತ್ತಾ ಹೋದೆ. ಕೋಪರಗಾಂವ ಬಂತು. ಅದರ ಕೆಳಗಿನದನ್ನೂ ಓದಿದೆ.

“ಇಲ್ಲಿ ಕೇಳಿದೆ.”

“ಅಂದ್ರ ನಾ ಗೆದ್ದೆ!” ಎಂದು ಚಪ್ಪಾಳೆ ತಟ್ಟಿದಳು. ಅಜ್ಜಿಯ ಕಥೆ ಪೂರ್ತಿ ಹೇಳಿದೆ. ಪೂರ್ತಿ ಕೇಳಿದಳು, ಅಂಟಿನುಂಡಿಯ ಜಾಗದಲ್ಲಿ ಕಣ್ಣು ಒರೆಸಿಕೊಂಡಳು, ಕೊನೆಗೆ, “ಆದ್ರೂ ಗೆದ್ದವಳು ನಾನ,” ಎಂದಳು.

ಒಂದು ವಾರ ಬಬಲೇಶ್ವರದಲ್ಲಿ ನನಗೆ ತಲೆ ಎತ್ತಿ ತಿರುಗಾಡಲು ಆಗಲಿಲ್ಲ. ಗಿರಣಿಯಲ್ಲಿ, ಸಂತೆಯಲ್ಲಿ, ನೀರಿನ ನಳದ ಹತ್ತಿರ ಎಲ್ಲರಿಗೂ ಹೇಳಿದಳು. ನಳದ ಹತ್ತಿರ ಪಕ್ಕದ ಮನೆಯ ಹೆಣ್ಣುಮಗಳು ತಕರಾರು ತೆಗೆದಳಂತೆ. “ನಿಮ್ಮನಿಯವರು ಸೋತೀನಿ ಅಂತ ತಾವ ಬರದಾರಾ? ಸುಳ್ಳ ಹೇಳಬ್ಯಾಡ. ನೀ ಓದಿಯೇನು ಅದನ್ನ?”

ಮನೆಗೆ ಬಂದವಳೇ ಕೊಡ ಇಳಿಸಿ ನೋಟುಬುಕ್ಕನ್ನು ನನ್ನ ಮಡಿಲಿಗೆ ಹಾಕಿದಳು. “ನೀವು ಸೋತದ್ದು ಎಲ್ಲಿ ಐತಿ, ತೋರಸ್ರಿ.”

ತೋರಿಸಿದೆ.

“ಇದರಾಗ ‘ಕೇ’ ಯಾವದು? ‘ಳಿ’ ಯಾವದು? ಇದಕ್ಯಾಕ ಮ್ಯಾಲ ಗುಂಡ ಐತಿ?”

ಓದುವ ಮಾತು ತೆಗೆಯಬಾರದು ಎಂದು ಪಂದ್ಯವಿತ್ತು. ನಾನು ತೆಗೆಯಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ. ಮರುದಿನ ಅವಳು ಕೊಡದ ಜೊತೆಗೆ ನೋಟುಬುಕ್ಕನ್ನೂ ಒಯ್ದಳು. ನಾನು ಗೋಡೆಯ ಹಿಂದೆ ನಿಂತು ನೋಡಿದೆ. ಸಾಲಿನ ಕೆಳಗೆ ಬೆರಳಿಟ್ಟು ನಳದ ಮುಂದಿನ ಎಲ್ಲರಿಗೂ ಓದಿ ತೋರಿಸಿದಳು, “ಇಲ್ಲಿ, ಕೇಳಿದೆ!”

ಮೊನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಮತ್ತೆ ನೋಟುಬುಕ್ಕು ತೆರೆದಿಟ್ಟುಕೊಂಡಳು. ಹಿಟ್ಟಿನ ಬೆರಳು ಆ ಸಾಲಿನಿಂದ ಒಂದು ಸಾಲು ಮೇಲೆ ಹೋಯಿತು.

“ಇದೂ ‘ಕೇ’ ಇದ್ದಂಗ ಐತಿ. ಆದ್ರ ಒಂದು ಬಾಲ ಹೆಚ್ಚು ಐತಿ.”

“ಅದು ಕೋಪ...”

“ಹೇಳಬ್ಯಾಡ್ರಿ!” ಎಂದು ನನ್ನ ಬಾಯಿಗೆ ಹಿಟ್ಟಿನ ಕೈ ಇಟ್ಟಳು. “ನಾ ಏನ ನಿಮ್ಮಂಗ ಕೇಳೂ ಪೈಕಿ ಅಲ್ಲ.”

“ಕೋ,” ಎಂದಳು. ಮುಂದಿನ ಅಕ್ಷರದ ಮೇಲೆ ಬೆರಳಿಟ್ಟು ಹಾಗೇ ಕೂತಳು. ಹಂಚಿನಿಂದ ರೊಟ್ಟಿ ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.